ಕಿಟ್ಟದ ಗುಡ್ಡೆಗಳು

ಗಣಿ ಎಂದರೆ ನೆಲದಲ್ಲಿ ತೋಡಿದ ಗುಂಡಿ ಎಂದೇ ನಾನು ಬಹುಕಾಲ ತಿಳಿದಿದ್ದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲಿ ಬೆಳೆದವನಿಗೆ ಹಾಗೆ ಅನ್ನಿಸಿದ್ದು ಸಹಜವೇ. ನಮ್ಮ ತಂದೆ ಬೈರಾಪುರದ ಕ್ರೋಮೈಟ್ ಗಣಿಯಲ್ಲಿ ಪಾಳಿ ಮುಗಿಸಿ ಬಂದಾಗ ಅವರ ಬಟ್ಟೆಗೆ ಹತ್ತಿರುತ್ತಿದ್ದ ಧೂಳು, ನೆಲದೊಳಗಿನ ಕತ್ತಲೆಯ ಬಗ್ಗೆ ಅವರು ಹೇಳುತ್ತಿದ್ದ ಮಾತು, ಇವಿಷ್ಟರಿಂದಲೇ ನನ್ನ ಮನಸ್ಸಿನಲ್ಲಿ ಗಣಿಯ ಚಿತ್ರ ಮೂಡಿತ್ತು. ಗುಂಡಿಗಿಂತ ಗುಂಡಿಯಿಂದ ಹೊರಗೆ ಎಸೆದದ್ದೇ ಮುಖ್ಯವಾಗುವ ಒಂದು ವಿದ್ಯೆ ಇದೆಯೆಂಬುದು, ಡಿಪ್ಲೊಮಾ ಮುಗಿಸಿ ಭೂಮಾಪಕನಾಗಿ ಒಮಾನಿಗೆ ಹೋಗಿ, ಅಲ್ಲಿ ಒಂದು ದೊಡ್ಡ ತಪ್ಪು ಮಾಡಿದ ಮೇಲೆ ತಿಳಿಯಿತು.

ಸೊಹಾರ್ ಪಟ್ಟಣದಿಂದ ಒಳನಾಡಿಗೆ ಹೊರಟರೆ ಬತ್ತಿದ ಹೊಳೆಯ ಪಾತ್ರಗಳ ಉದ್ದಕ್ಕೂ ಹಜರ್ ಬೆಟ್ಟಗಳು ಏಳುತ್ತವೆ. ಆ ಪಾತ್ರಗಳನ್ನು ಅಲ್ಲಿ ವಾದಿ ಎನ್ನುತ್ತಾರೆ. ಗಿಡವಿಲ್ಲದ, ಮಣ್ಣಿಲ್ಲದ, ಎಲುಬು ಬಿಟ್ಟುಕೊಂಡಂತೆ ನಿಂತ ಬೆಟ್ಟಗಳು ಅವು. ಆದರೂ ಮೊದಲ ದಿನವೇ ಅಲ್ಲಿನ ಕಲ್ಲು ನನಗೆ ಪರಿಚಿತವೆನ್ನಿಸಿತು. ಹಾವಿನ ಚರ್ಮದಂತೆ ನುಣುಪಾದ, ಹಸಿರುಗಪ್ಪಿನ ಸರ್ಪೆಂಟೀನ್ ಶಿಲೆ ನಮ್ಮೂರಿನ ಕ್ರೋಮೈಟ್ ಪಟ್ಟಿಯಲ್ಲೂ ಇದೆ. ಕಲ್ಲು ಒಂದೇ ಜಾತಿಯದಾದರೂ ವಯಸ್ಸಿನಲ್ಲಿ ಅಜಗಜಾಂತರ. ನುಗ್ಗೇಹಳ್ಳಿಯದು 300 ಕೋಟಿ ವರ್ಷಕ್ಕೂ ಹಿಂದಿನದು. ಒಮಾನಿನದು ಸುಮಾರು 9.5 ಕೋಟಿ ವರ್ಷದ ಹಿಂದೆ ಸಾಗರದ ತಳವಾಗಿದ್ದು, ಆಮೇಲೆ ನೆಲದ ಮೇಲಕ್ಕೆ ತಳ್ಳಲ್ಪಟ್ಟದ್ದು. ಸಾಗರದಡಿಯಲ್ಲಿ ಉಕ್ಕಿ ದಿಂಬುಗಳಂತೆ ಗಟ್ಟಿಯಾದ ಲಾವಾವನ್ನು ನಮ್ಮವರು ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೋಡಿರಬಹುದು. ಒಮಾನಿನಲ್ಲಿ ತಾಮ್ರದ ಅದಿರು ಕೂತಿರುವುದು ಅಂಥದ್ದೇ ಲಾವಾದ ನಡುವೆ.

ನನ್ನ ಕೆಲಸ ಒಂದು ರಸ್ತೆಯ ಜಾಡನ್ನು ಅಳೆದು ನಕ್ಷೆ ಮಾಡುವುದು. ಜಾಡಿನ ಪಕ್ಕದಲ್ಲಿ ಒಂದು ಕಡೆ, ನಾಲ್ಕೈದು ಲಾರಿ ಹಿಡಿಯುವಷ್ಟು ಕಪ್ಪು ಕಲ್ಲಿನ ರಾಶಿಯೊಂದಿತ್ತು. ದೂರವನ್ನೂ ಕೋನವನ್ನೂ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ಇಟ್ಟು ಅದರ ಅಂಚಿನ ಬಿಂದುಗಳನ್ನು ಹಿಡಿದು ‘ಬಿಡಿಕಲ್ಲು’ ಎಂದು ಬರೆದು ಸಹಿ ಹಾಕಿದೆ. ಎರಡು ವಾರದ ನಂತರ ನೋಡಿದರೆ ನಮ್ಮ ಗುತ್ತಿಗೆದಾರರ ಲೋಡರ್ ಅರ್ಧ ರಾಶಿಯನ್ನು ಎತ್ತಿ ರಸ್ತೆಯ ಏರಿಗೆ ತುಂಬಿತ್ತು. ಗಟ್ಟಿಯಾಗಿದೆ, ನೀರು ನಿಲ್ಲುವುದಿಲ್ಲ, ದೂರದಿಂದ ತರುವ ಖರ್ಚಿಲ್ಲ ಎಂಬುದು ಅವರ ಲೆಕ್ಕ. ಆ ದಿನ ದಾರಿಯಲ್ಲಿ ಆಡು ಹೊಡೆದುಕೊಂಡು ಬಂದ ಮುದುಕರೊಬ್ಬರು ಏರಿಯ ಮೇಲಿನ ಕಪ್ಪು ತುಂಡನ್ನು ಕೈಗೆತ್ತಿಕೊಂಡು ನನ್ನತ್ತ ಚಾಚಿ, ‘ನುಹಾಸ್, ನುಹಾಸ್’ ಎಂದರು. ತಾಮ್ರ ಎಂಬುದಕ್ಕೆ ಅರಬ್ಬಿಯಲ್ಲಿ ಅದೇ ಪದವೆಂದು ಆಮೇಲೆ ಗೊತ್ತಾಯಿತು. ರಾತ್ರಿ ಊರಿಗೆ ಫೋನ್ ಮಾಡಿದಾಗ, ಭಾರವಾದ, ಗಾಜಿನಂತೆ ಹೊಳೆಯುವ, ಮೇಲೆಲ್ಲ ಗುಳ್ಳೆಗುಳ್ಳೆಯಾಗಿರುವ, ಒಂದು ಮಗ್ಗುಲಲ್ಲಿ ಬೆಲ್ಲದ ಪಾಕ ಹರಿದು ಗಟ್ಟಿಯಾದಂತಿರುವ ಕಲ್ಲೊಂದು ಸಿಕ್ಕಿದೆ ಎಂದು ತಂದೆಗೆ ವರ್ಣಿಸಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

‘ಕಿಟ್ಟ ಕಣ್ಲಾ ಅದು. ಆಚಾರ್ರ ಕುಲುಮೆ ಹಿಂದೆ ಬಿದ್ದಿರ್ತಿರ್ಲಿಲ್ವಾ, ನೀನು ಕಾಲು ಕುಯ್ಕೊಂಡಿದ್ದೆ ನೋಡು, ಅದೇಯ.’

ಅದಿರನ್ನು ಇದ್ದಲಿನೊಂದಿಗೆ ಕುಲುಮೆಗೆ ಹಾಕಿ ತಿದಿಯೊತ್ತಿ ಕಾಯಿಸಿದಾಗ ಲೋಹ ಒಂದು ಕಡೆ ಸೇರುತ್ತದೆ. ಅದಿರಿನೊಳಗಿನ ಮರಳು, ಕಬ್ಬಿಣದ ಅಂಶ, ಬೂದಿ ಇವೆಲ್ಲ ಕರಗಿ ಬೇರೆಯಾಗಿ ತಣ್ಣಗಾದರೆ ಅದೇ ಕಿಟ್ಟ. ಕರಗಿಸಿದವನಿಗೆ ಅದು ಕಸ. ಪುರಾತತ್ವದವರಿಗಾದರೋ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಸಿಗುವುದು ಕಷ್ಟ. ಹೊಸ ಗಣಿಗಾರ ಹಳೆಯ ಗುಂಡಿಯಲ್ಲೇ ಇನ್ನೂ ಆಳಕ್ಕೆ ಇಳಿಯುತ್ತಾನಾದ್ದರಿಂದ ಗುಂಡಿಯಲ್ಲಿ ಹಿಂದಿನವರ ಗುರುತು ಉಳಿಯುವುದಿಲ್ಲ. ಲೋಹವೂ ಉಳಿಯುವುದಿಲ್ಲ, ಹಡಗಿನಲ್ಲಿ ಹೋಗಿ, ಮತ್ತೆ ಮತ್ತೆ ಕರಗಿ, ಬೇರೆ ಊರಿನ ಕತ್ತಿಯೋ ಕೊಡವೋ ಆಗುತ್ತದೆ. ಯಾರಿಗೂ ಬೇಡವಾದ ಕಿಟ್ಟ ಮಾತ್ರ ಬಿದ್ದಲ್ಲೇ ಬಿದ್ದಿರುತ್ತದೆ. ಆ ಬೇಡವಾದದ್ದನ್ನೇ ನಾನು ‘ಬಿಡಿಕಲ್ಲು’ ಎಂದು ಬರೆದು ರಸ್ತೆಯಡಿ ಹೂಳಿಸಿದ್ದೆ.

ಆಮೇಲಿನ ವರ್ಷಗಳಲ್ಲಿ ಶುಕ್ರವಾರದ ರಜೆಗಳೆಲ್ಲ ವಾದಿಗಳಲ್ಲೇ ಕಳೆದವು. ಪ್ರಾಯಶ್ಚಿತ್ತ ಎಂಬ ದೊಡ್ಡ ಮಾತು ಬೇಡ. ಅಳೆಯುವುದು ನನಗೆ ಗೊತ್ತಿದ್ದ ಕೆಲಸ, ಅಷ್ಟೆ. ಮೆಸೊಪೊಟೇಮಿಯದ, ಎಂದರೆ ಇಂದಿನ ಇರಾಕ್ ಸೀಮೆಯ, ಹಿಂದಿನ ಜನ ಮಗನ್ ಎಂದು ಕರೆಯುತ್ತಿದ್ದ ನಾಡು ಇದೇ ಸೀಮೆಯೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕ್ರಿ.ಪೂ. ಸುಮಾರು 2300ರ ಅಕ್ಕಾಡದ ದೊರೆ ಸಾರ್ಗಾನ್, ಮೆಲುಹ್ಹ, ಮಗನ್, ದಿಲ್ಮುನ್‌ಗಳ ಹಡಗುಗಳು ತನ್ನ ಬಂದರುಕಟ್ಟೆಗೆ ಬಂದು ನಿಲ್ಲುತ್ತವೆಂದು ಹೇಳಿಕೊಂಡಿದ್ದಾನೆ. ಮೆಲುಹ್ಹವೆಂದರೆ ನಮ್ಮ ಸಿಂಧೂ ಕಣಿವೆಯ ಕಡೆ, ದಿಲ್ಮುನ್ ಎಂದರೆ ಇಂದಿನ ಬಹ್ರೇನಿನ ಕಡೆ. ಜರ್ಮನಿಯ ಬೋಹುಮ್ ನಗರದ ಗಣಿ ವಸ್ತುಸಂಗ್ರಹಾಲಯದ ಗೆರ್ಡ್ ವೈಸ್‌ಗೆರ್ಬರ್ ಮತ್ತು ಸಂಗಡಿಗರು ಒಮಾನಿನ ಮೈಸರ್ ಎಂಬಲ್ಲಿ ಉತ್ಖನನ ನಡೆಸಿ, ಆ ಕಾಲದಲ್ಲಿ ಅಲ್ಲಿ ತಾಮ್ರ ಕರಗಿಸಿ ಬನ್ನಿನ ಆಕಾರದ ಗಟ್ಟಿಗಳನ್ನಾಗಿ ಎರೆಯುತ್ತಿದ್ದರೆಂದು ತೋರಿಸಿಕೊಟ್ಟರು. (ತಾಮ್ರದ ವ್ಯಾಪಾರದ ತಂಟೆಯೂ ಅಷ್ಟೇ ಹಳೆಯದು. ಊರ್ ನಗರದಲ್ಲಿ ಸಿಕ್ಕಿ ಈಗ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಪೂ. ಸುಮಾರು 1750ರ ಜೇಡಿಮಣ್ಣಿನ ಹಲಗೆಯೊಂದರಲ್ಲಿ ನನ್ನಿ ಎಂಬ ಗಿರಾಕಿ, ಕಳಪೆ ತಾಮ್ರ ಕೊಟ್ಟದ್ದಲ್ಲದೆ ನನ್ನ ಆಳನ್ನೂ ಅವಮಾನಿಸಿದ್ದೀಯೆ ಎಂದು ಎಯಾ-ನಾಸಿರ್ ಎಂಬ ವರ್ತಕನ ಮೇಲೆ ಹರಿಹಾಯ್ದಿದ್ದಾನೆ.)

ಇಂಥ ನೆಲದ ಸಮೀಕ್ಷೆ ಮೊದಲಾಗುವುದು ಕಾಲ್ನಡಿಗೆಯಿಂದ. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಕಪ್ಪು ಕಲೆಗಳನ್ನು ಗುರುತಿಸಿಕೊಂಡ ನಂತರ, ನಾಲ್ಕಾರು ಜನ ನಿಗದಿಯಾದ ಅಂತರದಲ್ಲಿ ಸಾಲಾಗಿ ನಿಂತು, ರಾಗಿ ಹೊಲದಲ್ಲಿ ಕಳೆ ಕೀಳುವವರು ಹಿಡಿದ ಸಾಲು ಬಿಡದೆ ಸಾಗುವಂತೆ, ಇಳಿಜಾರನ್ನೆಲ್ಲ ಕಣ್ಣಾಡಿಸುತ್ತ ನಡೆಯಬೇಕು. ಅದಿರು ಕುಟ್ಟಿದ ಗುಳಿಗಲ್ಲು, ನಡುವೆ ಹಗ್ಗ ಕಟ್ಟಲು ಕಚ್ಚು ತೋಡಿದ ಗುಂಡುಕಲ್ಲಿನ ಸುತ್ತಿಗೆ, ತಿದಿಯ ಊದುಕೊಳವೆಯ ತುಂಡು, ಮಡಕೆಯ ಚೂರು, ಇದ್ದಲು, ಹಸಿರು ಬಣ್ಣದ ಅದಿರಿನ ಪುಡಿ, ಹೀಗೆ ಸಿಕ್ಕಿದ್ದನ್ನೆಲ್ಲ ಎತ್ತದೆ ಮೊದಲು ಇದ್ದ ಜಾಗದಲ್ಲೇ ಜಿಪಿಎಸ್‌ನಲ್ಲಿ ಗುರುತು ಮಾಡಬೇಕು. ಬೆಟ್ಟದ ನೆತ್ತಿಯಲ್ಲಿ ತುಕ್ಕಿನ ಬಣ್ಣದ ಟೊಪ್ಪಿಯಂಥ ಪದರ ಕಂಡರೆ ಅದರಡಿಯಲ್ಲಿ ತಾಮ್ರದ ಅದಿರು ಇರುವ ಸಂಭವವುಂಟು; ಹಳಬರು ಇದನ್ನು ನಮ್ಮಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು. 1970ರ ದಶಕದಲ್ಲಿ ಒಮಾನಿನಲ್ಲಿ ತಾಮ್ರ ಹುಡುಕಿದ ಭೂವಿಜ್ಞಾನಿಗಳು ನೆಚ್ಚಿಕೊಂಡದ್ದೂ ಹಳೆಯ ಕಿಟ್ಟದ ರಾಶಿಗಳನ್ನೇ. 1983ರಲ್ಲಿ ಅಲ್ಲಿ ಆಧುನಿಕ ಗಣಿಯ ತಾಮ್ರ ಹೊರಬರತೊಡಗಿತು.

ಕಿಟ್ಟವನ್ನು ಓದುವುದರಲ್ಲೂ ಒಂದು ಕ್ರಮವಿದೆ. ಕಂಚಿನ ಯುಗದ ಕಿಟ್ಟ ಸಾಮಾನ್ಯವಾಗಿ ಗೋಲಿ ಗಾತ್ರಕ್ಕೆ ಒಡೆದುಹೋಗಿರುತ್ತದೆ. ಆಗಿನ ಕುಲುಮೆಯಲ್ಲಿ ತಾಮ್ರ ಪೂರ್ತಿ ಬೇರೆಯಾಗದೆ ಕಿಟ್ಟದೊಳಗೆ ಸಾಸಿವೆಯಂಥ ಗುಂಡುಗಳಾಗಿ ಸಿಕ್ಕಿಕೊಳ್ಳುತ್ತಿದ್ದುದರಿಂದ ಅದನ್ನು ಜಜ್ಜಿ ಆರಿಸಬೇಕಾಗುತ್ತಿತ್ತು. ಅದೇ ಕ್ರಿ.ಶ. 9-10ನೇ ಶತಮಾನದ ಇಸ್ಲಾಮೀ ಕಾಲದ ಕಿಟ್ಟವಾದರೆ ದೊಡ್ಡ ದೊಡ್ಡ ಚಪ್ಪಡಿಗಳಾಗಿ, ಕುಲುಮೆಯ ಬಾಯಿಂದ ಹೊರಕ್ಕೆ ಹರಿದ ಗುರುತಿನೊಂದಿಗೆ ಬಿದ್ದಿರುತ್ತದೆ. ನಾನು ಸಹಿ ಹಾಕಿ ಕಳೆದ ರಾಶಿ ಈ ಎರಡನೆಯ ಬಗೆಯದೆಂದು ಉಳಿದ ಅರ್ಧವನ್ನು ನೋಡಿ ಊಹಿಸಿದೆ. ಅದರಡಿಯಲ್ಲಿ ಮೊದಲನೆಯ ಬಗೆಯದೂ ಇದ್ದಿತೇ ಎಂಬುದಕ್ಕೆ ಈಗ ರಸ್ತೆಯನ್ನು ಅಗೆಯಬೇಕು.

ನಾನು ಕಣ್ಣಾರೆ ನೋಡದಿದ್ದರೂ ಓದಿ ಓದಿ ಊರಿನಷ್ಟೇ ಪರಿಚಿತವಾಗಿರುವ ಇನ್ನೊಂದು ಜಾಗ ಅರಬಾ ಕಣಿವೆ. ಮೃತಸಮುದ್ರದಿಂದ ಕೆಂಪು ಸಮುದ್ರದ ಕಡೆಗೆ ಚಾಚಿದ ಆ ಒಣ ಕಣಿವೆಯ ಪೂರ್ವಕ್ಕೆ ಜೋರ್ಡಾನಿನ ಫೈನಾನ್, ಪಶ್ಚಿಮಕ್ಕೆ ಇಸ್ರೇಲಿನ ತಿಮ್ನಾ. ಫೈನಾನ್‌ನಲ್ಲಿ ಬಿದ್ದಿರುವ ಒಟ್ಟು ಕಿಟ್ಟ ಒಂದೂವರೆಯಿಂದ ಎರಡು ಲಕ್ಷ ಟನ್ ಎಂಬುದು ಆಂಡ್ರಿಯಾಸ್ ಹೌಪ್ಟ್‌ಮನ್ ಅವರ ಅಂದಾಜು. ಅಲ್ಲಿನ ಒಂದು ದೊಡ್ಡ ನೆಲೆಯಲ್ಲಿ ಥಾಮಸ್ ಲೆವಿ ಅವರ ತಂಡ ಆರು ಮೀಟರಿಗೂ ಆಳದ ಕಿಟ್ಟದ ಪದರಗಳನ್ನು ಒಂದೊಂದಾಗಿ ಬಿಡಿಸಿ ಕಾಲ ನಿರ್ಣಯಿಸಿತು. ಆ ನೆಲೆಯ ಹೆಸರು ಖಿರ್ಬತ್ ಅನ್-ನಹಾಸ್, ಎಂದರೆ ತಾಮ್ರದ ಹಾಳು. ಆಡು ಕಾಯುವ ಮುದುಕರ ಬಾಯಲ್ಲಿ ನಾನು ಕೇಳಿದ ಪದವೇ ಅದು. ಕರಗಿಸುವವರು ಹೋಗಿ ಎಷ್ಟೋ ಕಾಲವಾದರೂ ಸುತ್ತಲ ಜನ ಆ ಜಾಗವನ್ನು ತಾಮ್ರದ ಹೆಸರಿನಿಂದಲೇ ಕರೆದರು.

ತಿಮ್ನಾದ ಕಥೆ ಸಮೀಕ್ಷೆ ಮಾಡುವವರೆಲ್ಲ ತಿಳಿದಿರಬೇಕಾದದ್ದು. 1930ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞ ನೆಲ್ಸನ್ ಗ್ಲೂಕ್ ಈ ಕಣಿವೆಯಲ್ಲಿ ತಿರುಗಾಡಿ, ಮಡಕೆ ಚೂರುಗಳ ಆಧಾರದ ಮೇಲೆ ಈ ಗಣಿಗಳು ಬೈಬಲಿನ ಸೊಲೊಮನ್ ದೊರೆಯವು ಎಂದರು. 1959ರಿಂದ ಅಲ್ಲೇ ಬೀಡುಬಿಟ್ಟ ಬೆನೊ ರೊಥೆನ್‌ಬರ್ಗ್ ಅವರಿಗೆ 1969ರಲ್ಲಿ ಈಜಿಪ್ಟಿನ ಹಾಥೋರ್ ದೇವತೆಯ ಗುಡಿ ಸಿಕ್ಕಿತು. ಅದರಲ್ಲಿ ಈಜಿಪ್ಟಿನ ದೊರೆಗಳ ಹೆಸರುಗಳಿದ್ದವು. ಅಲ್ಲಿಗೆ ಸೊಲೊಮನ್ ಹೊರಬಿದ್ದು, ಗಣಿ ಈಜಿಪ್ಟಿನದಾಗಿ, ಅದರ ಕಾಲ ಕ್ರಿ.ಪೂ. 13-12ನೇ ಶತಮಾನಕ್ಕೆ ಹಿಂದೆ ಸರಿಯಿತು. 2010ರ ನಂತರ ಎರೆಜ್ ಬೆನ್-ಯೋಸೆಫ್ ಅವರ ತಂಡ ಅದೇ ಕಣಿವೆಯ 34ನೇ ಸಂಖ್ಯೆಯ ಗುಡ್ಡವನ್ನು ಅಗೆದು, ಕೆಲಸಗಾರರು ತಿಂದು ಉಗಿದ ಖರ್ಜೂರದ ಬೀಜಗಳನ್ನು, ವಯಸ್ಸು ತಿಳಿಯುವ ರೇಡಿಯೋ ಕಾರ್ಬನ್ ಪರೀಕ್ಷೆಗೆ ಕಳಿಸಿದರೆ ಬಂದ ಉತ್ತರ ಕ್ರಿ.ಪೂ. 10ನೇ ಶತಮಾನ! ಈಜಿಪ್ಟಿನವರು ಬಿಟ್ಟುಹೋದ ಮೇಲೆಯೇ ಅಲ್ಲಿ ಕುಲುಮೆಗಳು ಜೋರಾಗಿ ಉರಿದಿದ್ದವು. ಕಾಲ ಸೊಲೊಮನ್‌ನದೇ ಆದರೂ ಗಣಿ ಅವನದೆಂದು ಇದರಿಂದ ಸಿದ್ಧವಾಗುವುದಿಲ್ಲ. ಏದೋಮ್ ಎಂಬ ಅರೆ ಅಲೆಮಾರಿ ಜನರೇ ಇದನ್ನು ನಡೆಸಿದರೆಂಬುದು ಬೆನ್-ಯೋಸೆಫ್ ಅವರ ವಾದ, ನನಗೂ ಅದೇ ಒಪ್ಪುತ್ತದೆ. ಗುಡಿಯಲ್ಲಿನ ಬರಹ ಗುಡಿ ಕಟ್ಟಿದವರ ಕಾಲವನ್ನಷ್ಟೇ ಹೇಳಬಲ್ಲದು, ಸುತ್ತಲ ಕಿಟ್ಟದ್ದನ್ನಲ್ಲ. ನಮ್ಮಲ್ಲೂ ಒಂದು ಶಾಸನ ಸಿಕ್ಕಿತೆಂದರೆ ಸುತ್ತಲಿನ ಹೊಲ, ಕೆರೆ, ಕೋಟೆ ಎಲ್ಲಕ್ಕೂ ಅದೇ ಶತಮಾನವನ್ನು ಅಂಟಿಸಿಬಿಡುವ ಚಪಲ ಕಡಿಮೆಯೇನಲ್ಲ.

ಆ 34ನೇ ಗುಡ್ಡಕ್ಕೆ ಗುಲಾಮರ ಗುಡ್ಡ ಎಂಬ ಹೆಸರೂ ಇತ್ತು. ಮರುಭೂಮಿ, ಸುತ್ತಲೂ ಗೋಡೆ, ಬೆಂಕಿಯ ಕೆಲಸ. ಗುಲಾಮರಲ್ಲದೆ ಮತ್ತಾರು ಮಾಡಿಯಾರು ಎಂಬ ಊಹೆ. ಆದರೆ ಅಲ್ಲಿನ ಒಣ ಹವೆ ಏನನ್ನೂ ಕೊಳೆಯಲು ಬಿಟ್ಟಿರಲಿಲ್ಲ. ಕುಲುಮೆಯ ಹತ್ತಿರದ ಮೂಳೆಗಳನ್ನು ಪರೀಕ್ಷಿಸಿದಾಗ ಕರಗಿಸುವವರಿಗೆ ಆಡು ಕುರಿಗಳ ಒಳ್ಳೆಯ ಮಾಂಸವೂ ದೂರದ ಸಮುದ್ರದಿಂದ ತಂದ ಮೀನೂ ಸಿಗುತ್ತಿತ್ತೆಂದು ತಿಳಿಯಿತು. ಬಾಗಿಲ ಬಳಿಯ ಲಾಯದಲ್ಲಿ ಮೂರು ಸಾವಿರ ವರ್ಷದ ಕತ್ತೆಯ ಲದ್ದಿ ಹಾಗೇ ಇತ್ತು. ಆ ಕತ್ತೆಗಳಿಗೂ ದೂರದಿಂದ ತಂದ ಹುಲ್ಲು, ದ್ರಾಕ್ಷಿಯ ಹಿಂಡಿ ಹಾಕಲಾಗಿತ್ತು. 2021ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಅಲ್ಲಿ ಸಿಕ್ಕ ಬಟ್ಟೆಯ ಎಳೆಗಳಲ್ಲಿ ಸಮುದ್ರದ ಶಂಖುಹುಳುವಿನಿಂದ ತೆಗೆದ, ದೊರೆಗಳು ಉಡುವಂಥ ನೇರಳೆ ಬಣ್ಣವೂ ಇತ್ತು. ಅದಿರು ಅಗೆದವರ ಪಾಡು ಬೇರೆಯೇ ಇದ್ದೀತು, ಆದರೆ ಬೆಂಕಿಯ ಹದ ಬಲ್ಲವರು ಗುಲಾಮರಾಗಿರಲಿಲ್ಲ. ಬೈರಾಪುರದ ಕೆಲಸಗಾರನ ಮಗನಾದ ನನಗೆ, ಸಂಶೋಧನಾ ವರದಿಯನ್ನು ಓದುವಾಗ ಹೆಮ್ಮೆಯೆನ್ನಿಸಿದ್ದು ಇದೊಂದು ಸಲವೇ. ಎಲ್ಲ ಕಾಲದಲ್ಲೂ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು: ಇದೇ ಅರಬಾದ ಫೈನಾನ್ ಗಣಿಗೆ ರೋಮನ್ನರು 4ನೇ ಶತಮಾನದ ಆರಂಭದಲ್ಲಿ ಕ್ರೈಸ್ತರನ್ನು ಶಿಕ್ಷೆಯಾಗಿ ಅಟ್ಟಿದ್ದನ್ನು ಆ ಕಾಲದ ಕ್ರೈಸ್ತ ಇತಿಹಾಸಕಾರ ಯೂಸೀಬಿಯಸ್ ಬರೆದಿಟ್ಟಿದ್ದಾನೆ. ಅಲ್ಲಿನ ಮಣ್ಣಿನಲ್ಲಿ ಆ ಕುಲುಮೆಗಳ ಹೊಗೆ ಇಳಿಸಿದ ಸೀಸ, ತಾಮ್ರಗಳು ಇಂದಿಗೂ ಪತ್ತೆಯಾಗುತ್ತವೆ.

ಮರುಭೂಮಿಯಲ್ಲಿ ಇಷ್ಟೊಂದು ಕುಲುಮೆಗಳಿಗೆ ಸೌದೆ ಎಲ್ಲಿಯದು? ನಾನು ಒಮಾನಿನಲ್ಲಿದ್ದಾಗ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದೇ. ತಿಮ್ನಾದ ಇದ್ದಲಿನ ತುಂಡುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಮರದ ಜಾತಿ ಗುರುತಿಸಿದ 2022ರ ಅಧ್ಯಯನ ಉತ್ತರ ಕೊಟ್ಟಿತು. ಮೊದಮೊದಲು ಅವರು ಚೆನ್ನಾಗಿ ಉರಿಯುವ ಜಾಲಿಯನ್ನೂ ಬಿಳಿ ಬ್ರೂಮ್ ಎಂಬ ಮರುಭೂಮಿಯ ಪೊದೆಯನ್ನೂ ಆರಿಸಿ ಸುಡುತ್ತಿದ್ದರು. ಕಾಲ ಸರಿದಂತೆ ಅವು ಕಡಿಮೆಯಾಗಿ, ಈಚಲಿನ ಜಾತಿಯ ಪುಸುಕಲು ಸೌದೆ ಬಂತು, ದೂರದಿಂದಲೂ ಕಟ್ಟಿಗೆ ತರಿಸಬೇಕಾಯಿತು. ಅದಿರು ಮುಗಿಯುವ ಮೊದಲೇ ಸೌದೆ ಮುಗಿದಿರಬೇಕು ಎನ್ನುತ್ತಾರೆ ಆ ಅಧ್ಯಯನ ಮಾಡಿದವರು.

ನಕ್ಷೆಯ ಕಸುಬಿನವನಾಗಿ ಇಲ್ಲೊಂದು ಮಾತು ಸೇರಿಸದಿರಲಾರೆ. ಈಜಿಪ್ಟಿನ ಪೂರ್ವ ಮರುಭೂಮಿಯ ವಾದಿ ಹಮ್ಮಾಮಾತ್ ಪ್ರದೇಶದ ಒಂದು ನಕ್ಷೆ, ಕ್ರಿ.ಪೂ. ಸುಮಾರು 1150ರಲ್ಲಿ ಪಪೈರಸ್ ಮೇಲೆ ಬರೆದದ್ದು, ಇಟಲಿಯ ಟ್ಯೂರಿನ್‌ನಲ್ಲಿದೆ. ಅದರಲ್ಲಿ ಬೆಟ್ಟಗಳಿಗೆ ಕಲ್ಲಿನ ಜಾತಿಗೆ ತಕ್ಕಂತೆ ಕಪ್ಪು, ನಸುಗೆಂಪು ಬಣ್ಣ ಹಚ್ಚಿ, ಚಿನ್ನ ಸಿಗುವ ಬೆಟ್ಟಗಳು ಯಾವುವೆಂದು ಬರೆದಿದ್ದಾರೆ. ದಕ್ಷಿಣ ದಿಕ್ಕು ಮೇಲಿದೆ. ಇಂದಿನ ಭೂವೈಜ್ಞಾನಿಕ ನಕ್ಷೆಯನ್ನು ಪಕ್ಕದಲ್ಲಿಟ್ಟರೆ ಆ ಬಣ್ಣಗಳು ಬಹುಮಟ್ಟಿಗೆ ಸರಿಹೊಂದುತ್ತವೆ. ಅದನ್ನು ಬರೆದ ಲಿಪಿಕಾರ ನನ್ನಂತೆ ‘ಬಿಡಿಕಲ್ಲು’ ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ.

ಲೋಹಕ್ಕಿಂತ ಹಿಂದೆ ಹೋದರೆ ಮನುಷ್ಯ ಬಣ್ಣಕ್ಕಾಗಿಯೂ ಅಗೆದದ್ದುಂಟು. ಚಿಲಿ ದೇಶದ ಅಟಕಾಮಾ ಮರುಭೂಮಿಯ ತಾಲ್ತಾಲ್ ಬಳಿ ಸುಮಾರು 12,000 ವರ್ಷದ ಹಿಂದೆ ಕೆಮ್ಮಣ್ಣಿಗಾಗಿ ತೋಡಿದ ಗಣಿಯೊಂದಿದೆ. ಅದನ್ನು ಓದಿದಾಗ ನನಗೆ ನಗು ಬಂತು. ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ, ಕೆಮ್ಮಣ್ಣುಗುಂಡಿ ಎಂಬ ಹೆಸರಿನಲ್ಲೇ ಎಲ್ಲವೂ ಇದೆ.

ಊರಿಗೆ ಮರಳಿ ಹಾಸನದಲ್ಲಿ ನೆಲೆಸಿದ ಮೇಲೆ ಸಹಜವಾಗಿ ಕಣ್ಣು ಇಲ್ಲಿನ ನೆಲದ ಮೇಲೆ ಬಿತ್ತು. ನಮ್ಮಲ್ಲಿ ಹಳೆಯ ಗಣಿಗಳಿಗೇನೂ ಬರವಿಲ್ಲ. ರಾಯಚೂರಿನ ಹಟ್ಟಿಯ ಹಳೆಯ ಚಿನ್ನದ ಗಣಿಯೊಳಗಿನ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಎಂದು ಪರೀಕ್ಷೆ ತಿಳಿಸಿದೆ. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವರೂ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರೇ. ಚಿತ್ರದುರ್ಗದ ಇಂಗಳದಾಳಿನಲ್ಲಿ ಹಳಬರು ತಾಮ್ರಕ್ಕಾಗಿ ತೋಡಿದ ಗುಂಡಿಗಳಿದ್ದವು. ನಮ್ಮ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲೂ ಕಳೆದ ಶತಮಾನದಲ್ಲಿ ತಾಮ್ರದ ಗಣಿ ನಡೆದು ನಿಂತಿತು. ಆದರೆ ಮರುಭೂಮಿಯ ಸಮೀಕ್ಷೆಯ ಪಾಠವನ್ನು ಇಲ್ಲಿಗೆ ಹಾಗೇ ತಂದರೆ ಕೆಲಸಕ್ಕೆ ಬಾರದು. ಅಲ್ಲಿ ಮಳೆಯಿಲ್ಲ, ಮಣ್ಣಿಲ್ಲ, ಉಳುವವರಿಲ್ಲ. ಮೂರು ಸಾವಿರ ವರ್ಷದ ಹಿಂದೆ ಎಸೆದದ್ದು ಎಸೆದಲ್ಲೇ ಇದ್ದು, ಅದರ ಮೇಲೆ ಬಿಸಿಲಿನ ಕಪ್ಪು ಲೇಪ ಎಷ್ಟು ದಟ್ಟವಾಗಿದೆ ಎಂಬುದರಿಂದಲೇ ಹಳತು ಹೊಸತನ್ನು ಊಹಿಸಬಹುದು. ಇಲ್ಲಿ ಪ್ರತಿ ಮುಂಗಾರಿಗೂ ಮಣ್ಣು ಸರಿಯುತ್ತದೆ, ಲಂಟಾನ ಮುಚ್ಚುತ್ತದೆ, ಟ್ರ್ಯಾಕ್ಟರ್ ಮಗುಚುತ್ತದೆ. ಉಳಿದದ್ದು ಬದುವಿಗೋ ರಸ್ತೆಗೋ ಸೇರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ, 2005ರ ಕೊನೆಗೆ ಗಣಿ ನಿಂತ ಮೇಲೂ ಲಕ್ಯಾ ಅಣೆಕಟ್ಟಿನ ಹಿಂದೆ ಕೂತಿರುವ ಕಬ್ಬಿಣದ ಹೂಳು ಮಾತ್ರ ಮುಂದಿನ ಕಾಲದ ಸಮೀಕ್ಷಕರ ಕಣ್ಣಿಗೆ ತಪ್ಪಲಾರದು.

ಹಾಗಾಗಿ ಇಲ್ಲಿ ನಡೆಯುವುದರ ಜೊತೆಗೆ ಕೇಳಬೇಕು. ಕಳೆದ ಬೇಸಿಗೆಯಲ್ಲಿ ನುಗ್ಗೇಹಳ್ಳಿಯ ಆಚೆಗಿನ ಒಂದು ಹೊಲದ ಬದುವಿನಲ್ಲಿ ಮುಷ್ಟಿಗಾತ್ರದ ಕಬ್ಬಿಣದ ಕಿಟ್ಟಗಳು ಸಾಲಾಗಿ ಕಂಡವು. ಜೊತೆಗೆ ಸುಟ್ಟ ಜೇಡಿಮಣ್ಣಿನ ಊದುಕೊಳವೆಯ ಒಂದು ತುಂಡು. ಹೊಲ ಅದಾಗಲೇ ಎರಡು ಸಲ ಉತ್ತಿತ್ತು, ಕುಲುಮೆ ಎಲ್ಲಿತ್ತೆಂದು ಹೇಳುವಂತಿರಲಿಲ್ಲ. ಹೊಲದ ಅಜ್ಜಿ ನೆರಳಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

‘ಏನಪ್ಪಾ ಉಡುಕ್ತಿದೀಯ, ಬೋರ್ ಪಾಯಿಂಟಾ?’

ಅಲ್ಲ ಅಜ್ಜಿ, ಈ ಕಿಟ್ಟ ಎಲ್ಲಿಂದ ಬಂತು ಅಂತ ನೋಡ್ತಿದೀನಿ ಎಂದೆ.

‘ಬರೋದೆಲ್ಲಿಂದ, ಇದು ಕಿಟ್ಟದೊಲ ಅಲ್ವಾ? ನಮ್ಮತ್ತೆ ಕಾಲದಿಂದ್ಲೂ ಅಂಗೇ ಅನ್ನೋದು. ಆ ಉಣಸೆ ಮರದ ತಾವ ಅಗೆದ್ರೆ ಇನ್ನೂ ಸಿಕ್ತವೆ.’

ಹುಣಸೆ ಮರದಿಂದ ಬದುವಿನವರೆಗೆ ಅಳೆದೆ, ನಲವತ್ತೆರಡು ಮೀಟರ್. ಪಹಣಿಯಲ್ಲಿ ಆ ಜಮೀನಿಗೆ ಸರ್ವೆ ನಂಬರ್ ಬಿಟ್ಟರೆ ಬೇರೆ ಹೆಸರಿಲ್ಲ. ಅಕ್ಷಾಂಶ ರೇಖಾಂಶಗಳ ಪಕ್ಕದಲ್ಲಿ, ಅಜ್ಜಿ ಹೇಳಿದ ಹಾಗೆಯೇ, ಕಿಟ್ಟದೊಲ ಎಂದು ಬರೆದುಕೊಂಡೆ.